ಖಾರದ ಕಾಳು ತಿನ್ನದ ಅಳಿಲು

ಆಕೆ ನಮ್ಮ ಊಟದ ಮೇಜಿನ ಮೇಲೆ ಚಪ್ಪಲಿ ಡಬ್ಬವೊಂದನ್ನು ಇಟ್ಟು, ಮುಚ್ಚಳ ತೆಗೆದು, ಅಳುವುದಕ್ಕೆ ಶುರು ಮಾಡಿದರು. ನಾನು ಆಗಷ್ಟೇ ತಟ್ಟೆಗೆ ಕೈ ಹಾಕಿದ್ದೆ. ಡಬ್ಬದೊಳಗೆ ಹತ್ತಿಯ ಮೇಲೆ ಸಾಲಾಗಿ ಮಲಗಿಸಿದ ಗುಬ್ಬಚ್ಚಿಗಳು, ಎರಡು ಪಿಕಳಾರ, ಒಂದು ಮೈನಾ. ಮೂಲೆಯಲ್ಲಿ ಬಾಲ ಸುತ್ತಿಕೊಂಡ ಒಂದು ಅಳಿಲು. ಎಲ್ಲವೂ ಸತ್ತಿದ್ದವು. ನನ್ನ ಹಸಿವೂ ಅಲ್ಲೇ ಸತ್ತಿತು.

ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಮಾತ್ರ ಡಬ್ಬವನ್ನು ಹತ್ತಿರ ಎಳೆದುಕೊಂಡು ಅಳಿಲನ್ನು ಎತ್ತಿ ಬಾಯಿ ಬಿಡಿಸಿ ನೋಡಿದರು. ದೊಡ್ಡ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದು ನಿವೃತ್ತರಾದವರು ಅವರು. ವಾರ್ಡಿನಲ್ಲಿ ಯಾರು ಮಾತ್ರೆ ನುಂಗಿದರು, ಯಾರು ದಿಂಬಿನ ಕೆಳಗೆ ಬಚ್ಚಿಟ್ಟರು ಎಂದು ಬಾಗಿಲಲ್ಲೇ ನಿಂತು ಹೇಳುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ಜನ ತಮ್ಮ ಮನೆಗಳ ಗಂಟುಗಳನ್ನು ಬಿಡಿಸಿಕೊಳ್ಳಲು ಅವರ ಬಳಿ ಬರತೊಡಗಿದರು. ನನ್ನದು ಕನ್ನಡಕದ ಅಂಗಡಿ. ಅವರ ಸ್ಕೂಟರ್ ಓಡಿಸುವುದು, ಹೇಳಿದ್ದನ್ನು ನೆನಪಿಟ್ಟುಕೊಳ್ಳುವುದು, ಸುಮ್ಮನೆ ಬೈಸಿಕೊಳ್ಳುವುದು, ಇವೆಲ್ಲ ಅಂಗಡಿ ಮುಚ್ಚಿದ ಮೇಲಿನ ನನ್ನ ಉದ್ಯೋಗ.

ಬಂದವರು ಹೊಲಿಗೆ ಕಲಿಸುತ್ತಿದ್ದ ಟೀಚರಮ್ಮ. ಮಕ್ಕಳಿಲ್ಲ. ಗಂಡ ಲಕ್ವ ಹೊಡೆದು ಹಾಸಿಗೆ ಹಿಡಿದು ವರ್ಷ ಮೀರಿತ್ತು. ಇವರ ಜೀವವೆಲ್ಲ ಹಿತ್ತಲಿಗೆ ಬರುವ ಹಕ್ಕಿಗಳ ಮೇಲೆ. ಹೋದ ತಿಂಗಳಿಂದ ಒಂದೊಂದಾಗಿ ಸಾಯುತ್ತಿವೆ ಎಂದು ಬಿಕ್ಕಿದರು. ಮಾಡಿದವನು ಪಕ್ಕದ ಲಾಂಡ್ರಿಯವನೇ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಒಣಹಾಕಿದ ಬಿಳಿ ಬಟ್ಟೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದಾಗಲೆಲ್ಲ ಬೀದಿಗೆ ಕೇಳುವ ಹಾಗೆ ಕೂಗಾಡುತ್ತಿದ್ದನಂತೆ.

"ಅವನಿಗೆ ಶಿಕ್ಷೆ ಆಗ್ಬೇಕು ಮೇಡಂ. ಆ ಮೈನಾ ನನ್ನ ಭುಜದ ಮೇಲೆ ಕೂರ್ತಿತ್ತು. ನನಗೆ ಬೇರೆ ಯಾರಿದಾರೆ ಹೇಳಿ?"

ಗಂಡ ಇದ್ದಾರಲ್ಲ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅತ್ತೆ ಕಣ್ಣಲ್ಲೇ ತಡೆದರು.

ಮಧ್ಯಾಹ್ನ ಅವರ ಮನೆಗೆ ಹೋದೆವು. ಹಿತ್ತಲ ತುದಿಯ ಸೀಬೆ ಗಿಡಕ್ಕೆ ಕಾಳಿನ ತಟ್ಟೆ ತೂಗುಹಾಕಿತ್ತು. ಟೀಚರಮ್ಮ ತಗಡಿನ ಡಬ್ಬದಿಂದ ಸಜ್ಜೆ, ಸೂರ್ಯಕಾಂತಿ ಬೀಜ ತೆಗೆದು ತೋರಿಸಿದರು. ಎಲ್ಲಕ್ಕೂ ಮೆಣಸಿನಪುಡಿ ಮೆತ್ತಿಕೊಂಡಿತ್ತು. ನಾನು ಸೀನಿದೆ.

"ಹಕ್ಕಿಗೆ ಖಾರ ಗೊತ್ತಾಗಲ್ಲ, ಅಳಿಲಿಗೆ ಬಾಯಿ ಉರಿಯುತ್ತೆ," ಎಂದರು ಅವರು. "ಪುಡಿ ಬೆರೆಸೋಕೆ ಶುರು ಮಾಡಿದ ಮೇಲೆ ಒಂದು ಅಳಿಲೂ ತಟ್ಟೆಗೆ ಬಾಯಿ ಹಾಕಿಲ್ಲ."

ಅಳಿಲಿನದಾಯಿತು, ಇಲಿಗಳ ಕಾಟ ಹೇಗೆ ಎಂದು ಅತ್ತೆ ಕೇಳಿದರು. ಬಿದ್ದ ಕಾಳಿಗೆ ಇಲಿ ಬಂದವು, ಇಲಿಯ ಹಿಂದೆ ಒಮ್ಮೆ ಹಾವೂ ಬಂತು. ಆದರೂ ಬೋನು ಮಾತ್ರ ಇಡುವುದು, ಹಕ್ಕಿ ಓಡಾಡುವ ಜಾಗಕ್ಕೆ ಪಾಷಾಣ ತರುವುದೇ ಇಲ್ಲ ಎಂದು ಟೀಚರಮ್ಮ ಕಡ್ಡಿ ಮುರಿದಂತೆ ಹೇಳಿದರು.

ನೀರಿನ ಬಟ್ಟಲು ತಟ್ಟೆಯ ಬಳಿ ಇರಲಿಲ್ಲ. ಮನೆಯ ಗೋಡೆಗೆ ಒತ್ತಿ, ಒಂದು ಕಿಟಕಿಯ ಕೆಳಗೆ, ಕಲ್ಲಿನ ಮೇಲೆ ಕೂತಿತ್ತು. ಅದರ ಅಂಚಿನ ಸುತ್ತ ಇರುವೆ ಮುತ್ತಿದ್ದವು. ಅತ್ತೆ ನನ್ನನ್ನು ಕರೆದು, ಏನು ಕಾಣುತ್ತದೆ ಎಂದು ಕೇಳಿದರು. ಬಟ್ಟಲು, ನೀರು, ಇರುವೆ ಎಂದೆ.

"ಊರಿಗೆಲ್ಲ ಕನ್ನಡಕ ಮಾರ್ತೀರಿ ಅಳಿಯಂದ್ರೇ, ಮನೆಗೂ ಒಂದು ತನ್ನಿ," ಎಂದರು.

ಕಿಟಕಿಯ ಒಳಗೇ ಗಂಡನ ಮಂಚ. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತು, ಬರಹ ಎರಡೂ ನಿಂತಿದ್ದವು. ಬಾಯಿಯ ಬಲಭಾಗ ಜೋತಿತ್ತು. ಎಡಗೈ ಮಾತ್ರ ಕಿಟಕಿಯ ಸರಳು ಹಿಡಿದುಕೊಂಡಿತ್ತು. ಕಣ್ಣುಗಳು ನಮ್ಮನ್ನು ಒಬ್ಬೊಬ್ಬರನ್ನಾಗಿ ಅಳೆದವು. ಬಟ್ಟಲನ್ನು ಇಲ್ಲೇ ಯಾಕೆ ಇಟ್ಟಿರಿ ಎಂದು ನಾನು ಕೇಳಿದ್ದಕ್ಕೆ, "ಇವ್ರು ನೋಡ್ತಾ ಇರ್ಲಿ ಅಂತ," ಎಂದು ಟೀಚರಮ್ಮ ನಕ್ಕರು. ಎಷ್ಟು ಪ್ರೀತಿ ಎಂದುಕೊಂಡೆ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

ಹಗಲು ನೋಡಿಕೊಳ್ಳುವ ನರ್ಸ್ ಆ ಹೊತ್ತಿಗೆ ಅವರಿಗೆ ಗಂಜಿ ಕುಡಿಸಿ ಮುಗಿಸಿದ್ದಳು. ಕೊರಳಿಗೆ ಕಟ್ಟಿದ ಟವೆಲ್ ಗಂಜಿಯಲ್ಲಿ ತೊಪ್ಪೆಯಾಗಿತ್ತು. ಅತ್ತೆ ಆ ಟವೆಲನ್ನೇ ನೋಡುತ್ತಾ ಅವಳನ್ನು ಅಡುಗೆಮನೆಗೆ ಕರೆದೊಯ್ದು ಮಾತಾಡಿಸಿದರು. ಬೆಳಗಿನ ಗ್ಲೂಕೋಸ್ ನೀರನ್ನು ಅಮ್ಮನೇ ಕೊಡುತ್ತಾರೆ, ತಾನು ಬರುವಷ್ಟರಲ್ಲಿ ಕಪ್ಪು ಖಾಲಿಯಾಗಿರುತ್ತದೆ ಎಂದಳು. ಮತ್ತೆ ತಾನಾಗಿಯೇ ಸೇರಿಸಿದಳು, "ಬೆಳಗಿನ ಟವೆಲ್ ಒಗೆಯೋ ಕಷ್ಟನೇ ಇಲ್ಲ. ಒಣಗೇ ಇರುತ್ತೆ." ಹಿಂದೆ ಕೆಲವು ದಿನ ಯಜಮಾನರು ವಾಂತಿ ಮಾಡಿ ಮಾಡಿ ಸೊರಗಿದ್ದರಂತೆ. ಒಂದು ಬೆಳಿಗ್ಗೆ ಅವಳು ಬೇಗ ಬಂದಾಗ, ಅಮ್ಮನ ಕೈಯ ಕಪ್ಪನ್ನು ಅವರು ಎಡಗೈಯಿಂದ ಹೊಡೆದು ಬೀಳಿಸಿದ್ದನ್ನು ಕಂಡಳಂತೆ. ಆಮೇಲೆ ಆ ಹಟ ಬಿಟ್ಟರು, ಹೋದ ತಿಂಗಳಿಂದ ಚೆನ್ನಾಗಿದ್ದಾರೆ ಎಂದಳು.

ಲಾಂಡ್ರಿಯವನು ಇಸ್ತ್ರಿ ಪೆಟ್ಟಿಗೆ ಕೆಳಗಿಡದೆಯೇ ಮಾತಾಡಿದ. ಹಕ್ಕಿ ಕಂಡರೆ ತನಗೆ ಮೈ ಉರಿಯುತ್ತದೆ, ಆದರೆ ಕೊಲ್ಲುವಷ್ಟು ಬಿಡುವು ತನಗಿಲ್ಲ ಎಂದ. ಇಲಿ ಪಾಷಾಣ ಇದೆಯೇ ಎಂದಿದ್ದಕ್ಕೆ ಮುಚ್ಚುಮರೆ ಮಾಡದೆ ಹೌದೆಂದ.

"ಇಲಿ ಬಟ್ಟೆ ಕಡಿಯುತ್ತೆ, ಇಡ್ಲೇಬೇಕು. ಟೀಚರಮ್ಮನೂ ಒಂದು ಪೊಟ್ಟಣ ಇಸ್ಕೊಂಡು ಹೋಗಿದ್ರು. ಈಗ ನನ್ನ ಮೇಲೇ ಹಾಕ್ತಿದಾರಾ? ಹಕ್ಕಿ ಕೊಲ್ಲೋ ಆಸಾಮಿ ಬೇಕಿದ್ರೆ ಅವರ ಮನೆಯಲ್ಲೇ ಮಲಗಿದಾನೆ. ಕೈಕಾಲು ಸರಿ ಇದ್ದಾಗ ಕಾಳಿನ ತಟ್ಟೆಗೆ ಅಂಟು ಬಳಿದಿದ್ದ. ಹಕ್ಕಿಗಳು ಅಂಟ್ಕೊಂಡು ಒದ್ದಾಡ್ತಿದ್ರೆ, ಹೆಂಡತಿನ ಕುರ್ಚಿ ಹಾಕಿ ಕೂರಿಸಿ ನೋಡು ಅಂದಿದ್ದ."

ಮನೆಗೆ ಮರಳುವಾಗ ಅಪರಾಧಿ ಯಾರೆಂದು ನಾನೇ ಮೂರು ಸಲ ಊಹಿಸಿ ಹೇಳಿದೆ. ಪ್ರತಿ ಸಲವೂ ಬೇರೆಬೇರೆಯವರನ್ನು ಹೇಳಿದೆ. ಮನೆ ಬಂದಾಗ ಅತ್ತೆ, ಬೆಳಿಗ್ಗೆ ಅಂಗಡಿ ತಡವಾಗಿ ತೆರೆಯಿರಿ ಎಂದಷ್ಟೇ ಹೇಳಿ, ತಮ್ಮ ವಾರ್ಡಿನಲ್ಲಿ ಒಮ್ಮೆ ಬದುಕುಳಿದು ಹೋಗಿದ್ದ ಪೊಲೀಸ್ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದರು.

ಮಾರನೆಯ ಬೆಳಿಗ್ಗೆ ನರ್ಸ್, ಲಾಂಡ್ರಿಯವನು, ನಾನು, ಅತ್ತೆ ಹಿತ್ತಲ ಗೇಟಿನ ಬಳಿ ಸೇರಿದೆವು. ಇನ್ಸ್‌ಪೆಕ್ಟರ್ ಮಾಮೂಲಿ ಅಂಗಿಯಲ್ಲಿದ್ದರು. ಟೀಚರಮ್ಮ ಬಟ್ಟಲಿಗೆ ಹೊಸ ನೀರು ತುಂಬಿ ಒಳಗೆ ಹೋಗುವುದನ್ನು ನೋಡಿಕೊಂಡು, ನರ್ಸ್ ತನ್ನ ಕೀಲಿಯಿಂದ ಬಾಗಿಲು ತೆಗೆದಳು. ಟೀಚರಮ್ಮ ರೋಗಿಗೆ ಕುಡಿಸುವ ಮೂತಿಯ ಕಪ್ಪು ಹಿಡಿದು ಗಂಡನ ಕೋಣೆಗೆ ಬಂದಾಗ ನಾವೆಲ್ಲ ಅಲ್ಲಿದ್ದೆವು.

"ಕಳ್ಳ ಸಿಕ್ಕಿದ, ಕೂತ್ಕೊಳ್ಳಿ," ಎಂದರು ಅತ್ತೆ. ಟೀಚರಮ್ಮನ ಕಣ್ಣು ಲಾಂಡ್ರಿಯವನ ಮೇಲೆ ಹೋಯಿತು. ಮುಖದಲ್ಲಿ ಸಂತೋಷವಿತ್ತು.

"ಅದಕ್ಕೂ ಮೊದಲು ಒಂದು ಕೆಲಸ. ಹಕ್ಕಿಗಳು ಕಾಯ್ತಿವೆ. ಆ ಕಪ್ಪಿನ ನೀರನ್ನ ಕಿಟಕಿಯಿಂದ ಬಟ್ಟಲಿಗೆ ಸುರೀರಿ."

"ಇದು ಇವರದ್ದು."

"ಬರೀ ಸಕ್ಕರೆ ನೀರು ತಾನೆ? ಹಕ್ಕಿಗೂ ಒಳ್ಳೇದೇ. ಸುರೀರಿ."

ಹೊರಗೆ ಬಟ್ಟಲಿನ ಅಂಚಿಗೆ ಒಂದು ಪಿಕಳಾರ ಬಂದು ಕೂತಿತು. ಟೀಚರಮ್ಮ ಅದನ್ನು ನೋಡಿದರು, ಕಪ್ಪನ್ನು ನೋಡಿದರು. ಮತ್ತೆ ಅವರು ಕಪ್ಪನ್ನು ಸೆರಗಿನೊಳಗೆ ಮುಚ್ಚಿಕೊಂಡು ಹಿಂದೆ ಸರಿದರು.

"ಬೇಡ," ಎಂದರು. "ಅದಕ್ಕೆ ಬೇಡ."

ಇನ್ಸ್‌ಪೆಕ್ಟರ್ ಮೆಲ್ಲಗೆ ಕಪ್ಪು ಇಸಿದುಕೊಂಡರು. ಅತ್ತೆ ಮಂಚದ ಪಕ್ಕ ಕೂತು, ವಾರ್ಡಿನ ಹುಡುಗಿಯರಿಗೆ ಪಾಠ ಹೇಳುವ ಧ್ವನಿಯಲ್ಲಿ ಎಲ್ಲ ಬಿಡಿಸಿ ಹೇಳಿದರು.

ಮೊದಲ ಸುಳಿವು ಕೊಟ್ಟದ್ದು ಅಳಿಲು. ಖಾರದ ಕಾಳಿಗೆ ಅದು ಬಾಯಿ ಹಾಕುವುದಿಲ್ಲ, ಆದರೂ ಸತ್ತಿತು. ಹಾಗಾದರೆ ವಿಷ ಕಾಳಿನಲ್ಲಿರಲಿಲ್ಲ, ಎಲ್ಲವೂ ಕುಡಿಯುವ ನೀರಿನಲ್ಲಿತ್ತು. ಬರಿಯ ನೀರಿಗೆ ಇರುವೆ ಮುತ್ತುವುದಿಲ್ಲ, ಬಟ್ಟಲಿಗೆ ಸಿಹಿ ಬಿದ್ದಿತ್ತು. ಆ ಮನೆಯಲ್ಲಿ ನೀರಿನಂತೆಯೇ ಕಾಣುವ ಸಿಹಿ ಒಂದೇ, ಬೆಳಗಿನ ಗ್ಲೂಕೋಸ್. ಅರ್ಧ ಬಾಯಿ ಬಿದ್ದವರು ಏನು ಕುಡಿದರೂ ಒಂದಿಷ್ಟು ಟವೆಲಿಗೆ ಸುರಿಯಲೇಬೇಕು. ಗಂಜಿಗೆ ತೊಪ್ಪೆಯಾಗುವ ಟವೆಲ್ ಗ್ಲೂಕೋಸಿಗೆ ಒಣಗಿರುತ್ತಿತ್ತು. ಅಂದರೆ ಯಜಮಾನರು ಅದನ್ನು ಕುಡಿಯುತ್ತಲೇ ಇರಲಿಲ್ಲ. ಟೀಚರಮ್ಮ ಕಪ್ಪು ಕೈಗಿಟ್ಟು ಕಾಳು ಹಾಕಲು ಸೀಬೆ ಗಿಡದ ಬಳಿ ಹೋದಾಗ, ಎಡಗೈಯಿಂದ ಸರಳಿನ ಆಚೆ ಸುರಿಯುತ್ತಿದ್ದರು. ಅವರ ವಾಂತಿ ನಿಂತದ್ದು, ಹಕ್ಕಿಗಳ ಸಾವು ಶುರುವಾದದ್ದು ಒಂದೇ ಹೊತ್ತಿಗೆ.

"ಹಿತ್ತಲಿಗೆ ಪಾಷಾಣ ತರಲ್ಲ ಅಂದ್ರಲ್ಲ, ಅದು ನಿಜವೇ," ಎಂದು ಅತ್ತೆ ಟೀಚರಮ್ಮನತ್ತ ತಿರುಗಿದರು. "ಒಳಗೆ ತಂದ್ರಿ. ನೀವು ಗಂಡನಿಗೆ ಕಲಸಿದ್ದನ್ನ ನಿಮ್ಮ ಹಕ್ಕಿಗಳು ಕುಡಿದವು."

ಟೀಚರಮ್ಮ ಇಲ್ಲ ಎನ್ನಲಿಲ್ಲ. ಗಂಡ ಬದುಕಿದ್ದಕ್ಕೆ ಬೇಸರವನ್ನೂ ಪಡಲಿಲ್ಲ. ಅವರಿಗೆ ಬೇರೆಯೇ ಲೆಕ್ಕ ಹತ್ತಿತ್ತು.

"ಮೈನಾನೂ ನಾನೇ ಕೊಂದೆನಾ?" ಎಂದರು. ಅವರು ಗೋಡೆ ಹಿಡಿದು ನೆಲಕ್ಕೆ ಕುಸಿದರು. ಬಿಕ್ಕಿ ಬಿಕ್ಕಿ ಅತ್ತರು. ಕೊಲೆಗೆ ಕೈ ಹಾಕಿದವರ ಮೇಲೆ ಹಾಗೆ ಕನಿಕರ ಬರಬಾರದು, ಆದರೆ ಬಂತು.

ಅತ್ತೆ ಈಗ ಮಂಚದ ಮೇಲಿನವರನ್ನು ನೋಡುತ್ತಿದ್ದರು. ಅತ್ತೆಯ ಮುಖ ಬಿಗಿದಿತ್ತು.

"ಮಣ್ಣಿಗೆ ಸುರೀಬಹುದಿತ್ತು. ಬಟ್ಟಲಿನ ಪಕ್ಕದಲ್ಲೇ ಬೇಕಾದಷ್ಟು ಮಣ್ಣಿತ್ತು. ಬೇಕಂತಲೇ ಬಟ್ಟಲಿಗೆ ಸುರಿದ್ರಿ. ನೀವು ಸತ್ರೆ ಇವರು ಯಾರನ್ನೂ ಕರೆಯಲ್ಲ, ಹಕ್ಕಿ ಸತ್ರೆ ಊರನ್ನೇ ಕರೀತಾರೆ ಅಂತ ಗೊತ್ತಿತ್ತು. ಮಾತು ಬರದ ನಿಮಗೆ ಅದೇ ಕೂಗು ಆಯ್ತು, ಅಲ್ವಾ? ಅಷ್ಟೇ ಆಗಿದ್ರೆ ಕೈಮುಗೀತಿದ್ದೆ. ಪ್ರಾಣ ಉಳಿಸ್ಕೊಳ್ಳೋಕೆ ಒಂದೆರಡು ಹಕ್ಕಿ ಸಾಕಿತ್ತು. ಮಿಕ್ಕಿದ್ದು ಯಾಕೆ?"

ಯಜಮಾನರು ಟೀಚರಮ್ಮನತ್ತ ಕಣ್ಣು ತಿರುಗಿಸಿದರು. ಬಾಯಿಯ ಸರಿಯಿದ್ದ ಅರ್ಧ ಮೇಲೆದ್ದಿತು. ಅದು ನಗು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಬಟ್ಟಲನ್ನು ಅಲ್ಲಿ ಇಟ್ಟದ್ದು ಯಾಕೆಂಬುದೂ ಆಗಲೇ ನನಗೆ ಹೊಳೆದದ್ದು. ಹಕ್ಕಿ ಕಂಡರಾಗದ ಗಂಡ ಕೈಲಾಗದೆ ಬಿದ್ದಾಗ, ಕಣ್ಣೆದುರೇ ಹಕ್ಕಿಗಳು ಮೀಯಲಿ ಎಂದು ಟೀಚರಮ್ಮ ಇಟ್ಟಿದ್ದರು. ಹಗೆ ತೀರಿಸಿಕೊಳ್ಳಲು ಇಟ್ಟ ಬಟ್ಟಲು ಸರಿಯಾಗಿ ಗಂಡನ ಕೈಗೆ ಎಟುಕುವಲ್ಲಿತ್ತು.

ಇನ್ಸ್‌ಪೆಕ್ಟರ್ ಎಬ್ಬಿಸಿದಾಗ ಟೀಚರಮ್ಮ ಸುಮ್ಮನೆ ಎದ್ದರು. ಬಾಗಿಲಲ್ಲಿ ನಿಂತು ನರ್ಸಿಗೆ, ಕಾಳಿನ ಡಬ್ಬ ಅಟ್ಟದ ಕೆಳಗಿದೆ, ಖಾರ ಬೆರೆಸುವುದನ್ನು ಮರೆಯಬೇಡ, ಬಟ್ಟಲನ್ನು ಉಜ್ಜಿ ತೊಳೆ ಎಂದು ಹೇಳಿದರು. ಗಂಡನ ಮಾತ್ರೆಯ ವಿಚಾರ ಎತ್ತಲಿಲ್ಲ. ತಲೆಯಾಡಿಸಿ ಹೊರಟ ನರ್ಸನ್ನು ಯಜಮಾನರು ಮಂಚದ ಪಟ್ಟಿ ಬಡಿದು ನಿಲ್ಲಿಸಿದರು. ಎಡಗೈಯಿಂದ ಕಿಟಕಿ ತೋರಿಸಿದರು. ಮುಚ್ಚು ಎಂದು ಸನ್ನೆ ಮಾಡಿದರು. ಅವಳು ನಮ್ಮ ಮುಖ ನೋಡಿದಳು. ಮನೆ ಅವರದು, ನಾವು ಏನು ಹೇಳಲು ಸಾಧ್ಯ? ಅವಳು ಕಿಟಕಿಯ ಗಾಜು ಎಳೆದು ಚಿಲಕ ಹಾಕಿದಳು.

ಆಮೇಲೆ ಯಜಮಾನರು ಸನ್ನೆಯಲ್ಲೇ ನೀರು ಕೇಳಿದರು. ನರ್ಸ್ ಬೇರೆ ಕಪ್ಪಿನಲ್ಲಿ ಹೊಸದಾಗಿ ಗ್ಲೂಕೋಸ್ ಕಲಸಿ ತಂದಳು. ಗಾಜಿನ ಆಚೆ ಗುಬ್ಬಚ್ಚಿಗಳು ಕಾಳಿಗಾಗಿ ಗಲಾಟೆ ಎಬ್ಬಿಸಿದ್ದವು. ಯಜಮಾನರು ಅವುಗಳನ್ನೇ ನೋಡುತ್ತಾ ಕೊನೆಯ ತನಕ ಕುಡಿದರು. ಬೆಳಗಿನ ಟವೆಲ್ ಅಂದು ಒದ್ದೆಯಾಯಿತು.