ಬಿಸಿನೀರಿಗೆ ಬಿದ್ದ ಹಾಡು

“ಅದನ್ನೂ ಹಾಕು.”

ಅತ್ತೆ ದುಗ್ಗಮ್ಮ ಬೆರಳು ತೋರಿಸಿದ್ದು ಗೋಡೆಗೊರಗಿಸಿದ್ದ ಕಪ್ಪು ರೆಕಾರ್ಡಿನ ಕಡೆಗೆ. ಐವತ್ತಮೂರನೇ ಇಸವಿ, ಕುರ್ಲಾದ ಚಾಳಿನ ಅಂಗಳದಲ್ಲಿ ಹಂಡೆ ಕುದಿಯುತ್ತಿತ್ತು. ಕ್ಷಯದಿಂದ ತೀರಿಕೊಂಡ ಪೂವಪ್ಪ ಮುಟ್ಟಿದ್ದನ್ನೆಲ್ಲ ಕುದಿಯುವ ನೀರಿಗೆ ಹಾಕಬೇಕೆಂದು ಡಾಕ್ಟರು ಹೇಳಿದ್ದರು. ಸೂತಕ ಕಳೆಯುವ ದಿನ ಹೇಗೂ ಮನೆ ಶುದ್ಧವಾಗಬೇಕು. ಅಂಗಿ, ಲೋಟ, ಹೊದಿಕೆ ಎಲ್ಲ ಆಗಿತ್ತು. ಸೇವಂತಿಯ ಕೈ ತಡೆಯಿತು. ಗಂಡನ ಉಸಿರು ಉಳಿದಿದ್ದುದು ಅದೊಂದರಲ್ಲೇ...

“ಕೈಕೈ ಹಿಡಿದು ಕುಣಿಯುವವರ ಮುಂದೆ ಊದಿದ್ದು. ಮೈಲಿಗೆ ಬಿಟ್ಟು ಏನುಂಟು ಅದರಲ್ಲಿ?”

ಎದುರಾಡದವಳೇ ಒಳ್ಳೆಯ ಸೊಸೆಯೆಂದು ಅವಳಿಗೆ ಯಾರೆಲ್ಲ ಕಲಿಸಿದ್ದರೋ! ಹಾಕಿದಳು. ತೆಗೆಯುವಾಗ ರೆಕಾರ್ಡು ಬೆಂಕಿಗೆ ಬಾಡಿಸಿದ ಬಾಳೆಲೆಯಂತೆ ಮುದುಡಿತ್ತು.

ಪೂವಪ್ಪನ ಹಿರಿಯರು ಊರ ದೇವಸ್ಥಾನದಲ್ಲಿ ನಾಗಸ್ವರ ಊದಿದವರು. ದೇವರು ಏಳಲು ಅವರ ಉಸಿರು ಬೇಕು, ಊಟಕ್ಕೆ ಮಾತ್ರ ಅವರು ಹೊರಗಿನ ಅಂಗಳದಲ್ಲಿ ಕಾಯಬೇಕು. ಅದು ಬೇಡವೆಂದು ಮುಂಬಯಿಗೆ ಬಂದು ಕ್ಲಾರಿನೆಟ್ ಹಿಡಿದರೆ, ದೊಡ್ಡ ಹೋಟೆಲು ಅವನನ್ನು ಒಳಗೆ ಬಿಟ್ಟದ್ದೂ ಹಿಂಬಾಗಿಲಿನಿಂದಲೇ. ಸೇಠರು ಕುಣಿಯುತ್ತಿದ್ದ ಒಂದು ಹಾಡಿನ ನಡುವೆ ಅವನು ಬೆಳಗಿನ ಪೂಜೆಯದೊಂದು ತಿರುವನ್ನು ಸೇರಿಸಿ ಊದಿದ. ಹಾಡು ರೆಕಾರ್ಡಾಗಿ ಮುಂಬಯಿಯೆಲ್ಲ ಹಬ್ಬಿತು. ರೆಕಾರ್ಡಿನ ಮೇಲಿದ್ದುದು ಬ್ಯಾಂಡ್ ಮಾಸ್ಟರನ ಹೆಸರೊಂದೇ.

ಕೆಲವು ವಾರ ಕಳೆದ ಮೇಲೆ ದುಗ್ಗಮ್ಮನೇ ಸೀರೆ ಬದಲಿಸಿ, ಗ್ರಾಂಟ್ ರೋಡಿಗೆ ಹೋಗಿ ಬರುವ ಎಂದಳು. ಯಾಕೆಂದು ಹೇಳಲಿಲ್ಲ. ಹೋಗಿ ನಿಂತದ್ದು ರೆಕಾರ್ಡಿನ ಅಂಗಡಿಯ ಮುಂದೆ. ಆ ಹಾಡು ಇತ್ತು, ಮೂರು ಬ್ಯಾಂಡಿನವರದ್ದು. ಹಳೆಯದು ಈಗ ಬರುವುದಿಲ್ಲ, ಹೊಸದು ಇನ್ನೂ ಚೆಂದ ಎನ್ನುತ್ತ ಅಂಗಡಿಯವ ಒಂದೊಂದಾಗಿ ಹಾಕಿದ. ಮೂರರಲ್ಲೂ ಆ ತಿರುವು ಇತ್ತು, ಕದ್ದವರ ಕೈಯಲ್ಲಿ ಇನ್ನಷ್ಟು ನುಣುಪಾಗಿ. ಪ್ರತಿಯೊಂದಕ್ಕೂ ಮುದುಕಿ ಕಣ್ಣುಮುಚ್ಚಿ ತಲೆ ಅಲ್ಲಾಡಿಸಿದಳು.

“ಇದು ನಮ್ಮ ಹುಡುಗನದ್ದಲ್ಲ. ಆ ತಿರುವಿಗೆ ಮೊದಲು ಅವನು ಉಸಿರು ಎಳೆದುಕೊಳ್ಳುವುದು ಕೇಳ್ತಿತ್ತು.”

ಸೇವಂತಿ ಬೆಚ್ಚಿದಳು. ಪಕ್ಕದ ಖೋಲಿಯವರ ಗ್ರಾಮೊಫೋನು ತಂದು ಅವನು ಅದನ್ನು ಹಾಕಿದಾಗಲೆಲ್ಲ ಅತ್ತೆ ಮುಖ ಸಿಂಡರಿಸಿ ಎದ್ದು ಹೋಗುತ್ತಿದ್ದಳಲ್ಲ...

“ನೀವು ಕೇಳ್ತಿದ್ರಾ ಅತ್ತೆ?”

“ಬಾಗಿಲ ಹೊರಗೆ ನಿಂತು.”

ರಸ್ತೆಗಿಳಿದ ಮೇಲೆ ದುಗ್ಗಮ್ಮ ಸೊಸೆಯ ಕೈ ಹಿಡಿದಳು. “ನಾನು ಹೇಳಿದೆ ಅಂತ ಹಾಕಿಬಿಡುವುದಾ ಮಗಾ... ನನ್ನ ಬಾಯಿ ನಿನಗೆ ಗೊತ್ತಿರಲಿಲ್ವಾ?”

ಸೇವಂತಿಗೆ ಮೊದಲ ಸಲ ಎದುರಾಡಬೇಕೆನಿಸಿತು. ಆದರೆ ಆ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಇಬ್ಬರೂ ಸ್ಟೇಷನ್ನಿನ ಕಡೆ ನಡೆದರು. ಇರಾನಿ ಹೋಟೆಲಿನೊಳಗಿಂದ ಅದೇ ಹಾಡು ಕೇಳುತ್ತಿತ್ತು, ಬೇರೆ ಯಾರದೋ ಉಸಿರಿನಲ್ಲಿ...