ಬೆರೆಸಿ ಹಂಚಿಕೊಂಡ ಗುಳಿಗೆ

ಶಿವಬಸಮ್ಮ ಮೊದಲ ಸಲ ಆ ದವಾಖಾನೆಗೆ ಹೋದ ದಿನ ಅಮರಪ್ಪನನ್ನು ಅಲ್ಲಿಯ ಜವಾನನೆಂದೇ ತಿಳಿದಿದ್ದಳು. ಖಾಕಿ ಅಂಗಿ ತೊಟ್ಟು ಮೆಟ್ಟಿಲ ಪಕ್ಕದ ಗೋಡೆಗೊರಗಿ ನಿಂತಿದ್ದ. ಮೊಣಕಾಲು ನೋವಿಗೆ ಹೊಸ ಗುಳಿಗೆ ಕೊಡುವ ಖೋಲಿ ಎಲ್ಲಿ ಎಂದು ಕೇಳಿದಳು. ಬರ್ರಿ ಎಂದು ಮುಂದೆ ನಡೆದ. ಎಕ್ಸ್‌ರೇ ಖೋಲಿಗೆ ಹೋದರು. ಅಲ್ಲಿ ಬೈಸಿಕೊಂಡು ಹೆರಿಗೆ ವಾರ್ಡಿನ ಬಾಗಿಲಿಗೆ ಹೋದರು. ಅಲ್ಲಿಂದಲೂ ಅಟ್ಟಿಸಿಕೊಂಡು ಬಟ್ಟೆ ಒಗೆಯುವ ಕಡೆ ಬಂದು ನಿಂತರು. ತಾನು ಕುಂಟುತ್ತಿರುವಂತೆ ಮುಂದೆ ಹೋಗುವವನೂ ಕುಂಟುತ್ತಿದ್ದಾನೆ ಎನ್ನುವುದು ಆಗ ಅವಳ ಕಣ್ಣಿಗೆ ಬಿತ್ತು.

"ನೀವು ಇಲ್ಲಿ ಕೆಲಸದವರಲ್ಲೇನ್ರಿ?"

"ಅಲ್ರಿ. ನಾನೂ ಅದ ಖೋಲಿ ಹುಡುಕಾಕತ್ತೀನಿ. ಇಬ್ಬರು ಕೂಡಿ ಹುಡುಕಿದ್ರ ಲಗೂನ ಸಿಗತದ ಅಂತ ಸುಮ್ನಿದ್ದೆ."

ಶಿವಬಸಮ್ಮನಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ತನ್ನ ನಗುವಿನ ಸದ್ದು ಕೇಳಿ ಎಷ್ಟು ಕಾಲವಾಗಿತ್ತೆಂದರೆ, ನಕ್ಕವರು ಯಾರೆಂದು ಒಮ್ಮೆ ಹಿಂದೆ ತಿರುಗಿ ನೋಡಿದಳು.

ಖೋಲಿ ಮಾಳಿಗೆಯ ಮೇಲಿತ್ತು. ಯಾದಗಿರಿಯ ಆ ಖಾಸಗಿ ದವಾಖಾನೆಯಲ್ಲಿ ಡಾಕ್ಟರ್ ಸುನೀಲಕುಮಾರ ಎಂಬವರು ಹೊಸದೊಂದು ಗುಳಿಗೆಯ ಸಂಶೋಧನೆ ನಡೆಸಿದ್ದರು. ಮೊಣಕಾಲು ಹಿಡಿದವರು ಹದಿನೈದು ದಿನಕ್ಕೊಮ್ಮೆ ಬರಬೇಕು. ರಕ್ತ ಕೊಡಬೇಕು, ಒಂದು ಡಬ್ಬಿ ಗುಳಿಗೆ ಒಯ್ಯಬೇಕು. ಕೆಲವರ ಡಬ್ಬಿಯಲ್ಲಿ ಔಷಧ ಇರುತ್ತದೆ, ಕೆಲವರದರಲ್ಲಿ ಔಷಧವಿಲ್ಲದ ಖಾಲಿ ಗುಳಿಗೆ ಇರುತ್ತದೆ, ಯಾರಿಗೆ ಯಾವುದು ಎಂದು ಹೇಳುವುದಿಲ್ಲ ಎಂದು ನರ್ಸ್ ಉಮಾಶ್ರೀ ಮೊದಲ ದಿನವೇ ತಿಳಿಸಿದ್ದಳು. ನೋಡಲು ಎರಡೂ ಬೆಳ್ಳಗೆ, ಒಂದೇ ಥರ. ಹೂಂ ಎಂದು ಎಲ್ಲರೂ ತಲೆಯಾಡಿಸಿದ್ದರು. ದವಾಖಾನೆಯವರು ಖಾಲಿ ಗುಳಿಗೆ ಯಾಕೆ ಕೊಟ್ಟಾರು ಎಂದು ಒಳಗೊಳಗೆ ಎಲ್ಲರಿಗೂ ಒಂದು ನಂಬಿಕೆ.

ಶಿವಬಸಮ್ಮ ಶಹಾಪುರದವಳು. ಗಂಡ ತೀರಿಕೊಂಡ ಮೇಲೆ ಅಣ್ಣ ಶಾಂತಪ್ಪನ ಮನೆಗೆ ಬಂದವಳು ಅಲ್ಲಿಯೇ ಐವತ್ತರ ಹತ್ತಿರ ಬಂದಿದ್ದಳು. ಅಣ್ಣನದು ಕಿರಾಣಿ ಅಂಗಡಿ. ಇವಳು ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಕಾಲು ಮಡಿಚಿ ಒಲೆಯ ಮುಂದೆ ಕುಳಿತು ಕುಳಿತೇ ಮೊಣಕಾಲು ಹೋಗಿತ್ತು. ಆ ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣಲು ಕರೆಯುತ್ತಿದ್ದರು, ಹಬ್ಬಕ್ಕೆ ಸೀರೆ ತರುತ್ತಿದ್ದರು. ಆದರೆ ಅವಳನ್ನು ಒಂದು ಮಾತು ಕೇಳಿ, ಅವಳು ಉತ್ತರ ಹೇಳಿ ಮುಗಿಸುವ ತನಕ ನಿಂತವರು ಮಾತ್ರ ಯಾರೂ ಇರಲಿಲ್ಲ.

ಅಮರಪ್ಪ ನಿಲ್ಲುತ್ತಿದ್ದ. ಸುರಪುರದ ಕಡೆ ಬೋನಾಳದ ಕೆರೆಯಲ್ಲಿ ಬಲೆ ಬೀಸುವವನು ಅವನು. ಹೆಂಡತಿ ಇಲ್ಲ, ಮಗಳನ್ನು ದೇವಾಪುರಕ್ಕೆ ಕೊಟ್ಟಿದ್ದ. ನೀರಿನಲ್ಲಿ ನಿಂತು ನಿಂತು ಅವನ ಕಾಲೂ ಹಿಡಿದಿತ್ತು. ಇಂದು ಎಷ್ಟು ರೊಟ್ಟಿ ಬಡಿದಿರಿ, ಹಿಟ್ಟು ಜಿಗುಟು ಇತ್ತೋ ಇಲ್ಲವೋ, ಎಂದು ಕೇಳಿ ಪೂರಾ ಕೇಳಿಸಿಕೊಳ್ಳುತ್ತಿದ್ದ. ಚಳಿಗಾಲಕ್ಕೆ ಕೆರೆಗೆ ಬರುವ ಪರದೇಶದ ಹಕ್ಕಿಗಳ ಸುದ್ದಿ ಹೇಳುತ್ತಿದ್ದ. ಬೆಳಗಿನ ಮಂಜಿನಲ್ಲಿ ಅವು ಕಾಣುವುದಿಲ್ಲ, ನೀರೇ ಮಾತಾಡಿದ ಹಾಗೆ ಕೇಳುತ್ತದೆ, ಎಂದು.

ಒಂದು ಸಲ ಅವಳು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದು ಅವನ ಮುಂದೆ ಬಿಚ್ಚಿದಳು. ಅವನ ಕೈಯಿಂದ ನಿಂಬೆಹಣ್ಣಿನ ವಾಸನೆ ಬರುತ್ತಿತ್ತು. ಪ್ರತಿ ಸಲವೂ ಬರುತ್ತಿತ್ತು.

"ದಿನಾ ನಿಂಬಿಹಣ್ಣು ಹಚ್ಚಿ ತೊಳಿತೀರೇನ್ರಿ ಕೈ?"

"ದಿನಾ ಅಲ್ರಿ. ಇಲ್ಲಿಗೆ ಬರೋ ದಿನ ಅಷ್ಟ." ಅವನು ರೊಟ್ಟಿ ಮುರಿಯುತ್ತ ಮುಖ ಎತ್ತದೆ ಹೇಳಿದ, "ನಿಮ್ಮ ಮಂದಿಗೆ ಮೀನದ ವಾಸನಿ ಆಗಂಗಿಲ್ಲಲ್ರಿ."

ಲಿಂಗ ಕಟ್ಟಿದ ಹೆಣ್ಣು ಅವಳು. ಆ ಕೈಗಳನ್ನು ನೋಡಿದಳು. ನಿಂಬೆಯ ಅಡಿಯಲ್ಲಿ ಇನ್ನೂ ತುಸು ಕೆರೆ ಉಳಿದಿತ್ತು. ಆಗಂಗಿಲ್ಲ ಎಂದು ಅವಳಿಗೆ ಅನಿಸಲಿಲ್ಲ.

ತಿರುಗಿ ಹೋಗುವಾಗ ಇಬ್ಬರದೂ ಒಂದೇ ಬಸ್ಸು. ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ಅವನು ಹಿಂದೆ. ಭೀಮಾ ನದಿಯ ಸೇತುವೆ ದಾಟುವಾಗ ಅವಳು ಡ್ರೈವರನ ತಲೆಯ ಮೇಲಿನ ಕನ್ನಡಿ ನೋಡುತ್ತಿದ್ದಳು. ಅವನೂ ಅದನ್ನೇ ನೋಡುತ್ತಿರುತ್ತಿದ್ದ. ಕಣ್ಣು ಕೂಡಿದ ಕೂಡಲೇ ಅವನು ಹೊಳೆ ನೋಡುವವನಂತೆ ಕಿಟಕಿಯತ್ತ ಹೊರಳುತ್ತಿದ್ದ. ಬೇಸಿಗೆಯಲ್ಲಿ ಹೊಳೆಯಲ್ಲಿ ನೋಡುವಂಥ ನೀರೇ ಇರಲಿಲ್ಲ. ಶಹಾಪುರ ಬಂದರೆ ಅವಳು ಇಳಿಯಬೇಕು, ಅವನು ಮುಂದಕ್ಕೆ ಸುರಪುರಕ್ಕೆ. ಇಳಿದವಳು ಬಸ್ಸು ಮರೆಯಾಗುವವರೆಗೆ ಚಪ್ಪಲಿ ಸರಿಮಾಡಿಕೊಳ್ಳುತ್ತ ನಿಲ್ಲುತ್ತಿದ್ದಳು. ಆಮೇಲೆ ಮುಂದಿನ ಹದಿನೈದು ದಿನ ರೊಟ್ಟಿ, ಒಲೆ, ಗೋಡೆ.

ಅಮರಪ್ಪನ ಮೊಣಕಾಲು ಮೂರು ತಿಂಗಳಲ್ಲಿ ಹಗುರಾಯಿತು. ಮೆಟ್ಟಿಲನ್ನು ಹುಡುಗನಂತೆ ಏರುತ್ತಿದ್ದ. ಅವಳದು ಇದ್ದ ಹಾಗೇ ಇತ್ತು. ಗೋಡೆ ಹಿಡಿದು ಅವಳು ಏರುವುದನ್ನು ಮೇಲೆ ನಿಂತು ನೋಡುವಾಗ ಅವನ ಮುಖ ಸಣ್ಣದಾಗುತ್ತಿತ್ತು. ತನ್ನ ಕಾಲು ನೆಟ್ಟಗಾದದ್ದೇ ಒಂದು ತಪ್ಪೆಂಬಂತೆ.

ಒಂದು ದಿನ ಬಸ್‌ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಅವನು ತನ್ನ ಡಬ್ಬಿ ತೆಗೆದು, ಸೆರಗು ಚಾಚ್ರಿ ಎಂದ. ಅವಳು ಯಾಕೆಂದು ಕೇಳುವಷ್ಟರಲ್ಲಿ ಅವನ ಗುಳಿಗೆಗಳೆಲ್ಲ ಅವಳ ಸೆರಗಿನಲ್ಲಿದ್ದವು. ಅವಳ ಡಬ್ಬಿಯನ್ನೂ ಬಿಚ್ಚಿ ಅದರ ಮೇಲೆ ಸುರಿದ. ಬೆರಳಿನಿಂದ ಚುರುಮುರಿ ಕಲೆಸಿದಂತೆ ಕಲೆಸಿದ.

"ನಿಮಗ ಬಂದಿದ್ದು ಖಾಲಿ ಇರಬೇಕ್ರಿ. ಆರಾಮ ಅನ್ನೋದು ನನಗೊಬ್ಬಗ ಯಾಕ? ಇಬ್ಬರೂ ಅರ್ಧರ್ಧ ತಿನ್ನೂಣು."

"ಡಾಕ್ಟರಗ ತಿಳದ್ರ?"

"ಯಾರ ಹೇಳ್ತಾರ? ನೀವ ಹೇಳ್ತೀರೇನ್ರಿ?"

ಮುಷ್ಟಿಗೆ ಮುಷ್ಟಿ ಪಾಲು ಮಾಡಿಕೊಂಡರು. ಒಂದು ತಾಟಿನಲ್ಲಿ ಇಬ್ಬರೂ ಉಂಡಂಥ ನಾಚಿಕೆ ಅವಳಿಗೆ. ಅಂದಿನಿಂದ ಪ್ರತಿ ಸಲವೂ ಹಾಗೆಯೇ ನಡೆಯಿತು. ಅವಳ ಕಾಲು ತುಸು ಸಡಿಲಾಯಿತು, ಅವನದು ತುಸು ಬಿಗಿಯಿತು. ದಿನಾ ಮುಂಜಾನೆ ಗುಳಿಗೆ ನುಂಗುವಾಗ, ಬೋನಾಳದಲ್ಲಿ ಅವನೂ ಈಗ ನುಂಗುತ್ತಿರುತ್ತಾನೆ ಎಂದುಕೊಳ್ಳುತ್ತಿದ್ದಳು. ಅಷ್ಟರ ಮೇಲೆಯೇ ಆ ದಿನ ಸಾಗುತ್ತಿತ್ತು.

ಆ ಹೊತ್ತಿಗೆ ಮಾಳಿಗೆಯ ಮೇಲಿನ ಬೆಂಚು ತೆರವಾಗುತ್ತ ಬಂದಿತ್ತು. ಹತ್ತಿಕುಣಿಯ ಲಾಲಮ್ಮ ಬರುವುದನ್ನು ನಿಲ್ಲಿಸಿದಳು. ಲಾಡ್ಲೇಸಾಬ ಎಂಬ ಮುದುಕನೂ ಕಾಣಲಿಲ್ಲ. ಆರಾಮಾಯಿತು, ಬರುವುದು ಬಿಟ್ಟರು ಎಂದು ಡಾಕ್ಟರು ಹೇಳಿದರು. ಉಮಾಶ್ರೀ ಮಾತ್ರ ಅದೇ ಪ್ರಶ್ನೆಗೆ ತಲೆ ತಗ್ಗಿಸಿ ರಕ್ತ ತೆಗೆಯುವ ಸೂಜಿ ಹುಡುಕುತ್ತಿದ್ದಳು. ಹೋದವರ ಜಾಗದಲ್ಲಿ ಹೊಸ ಮೊಣಕಾಲುಗಳು ಬಂದು ಕುಳಿತವು.

ದೀಪಾವಳಿ ಕಳೆದ ಮೇಲೆ ಒಂದು ದಿನ ಬೇವಿನ ಮರದ ಕೆಳಗೆ ಅಮರಪ್ಪ ಅವಳನ್ನು ನೋಡುತ್ತ ಕುಳಿತ. ನೋಟ ಕೀಳಲಿಲ್ಲ. ಕನ್ನಡಿಯಲ್ಲಿ ಕದ್ದು ನೋಡುವವನು ಹೀಗೆ ಎದುರಿಗೇ ಕುಳಿತು, ಕಣ್ಣೊಳಗೆ ಕಣ್ಣಿಟ್ಟು ನೋಡಿದ್ದು ಅದೇ ಮೊದಲು. ಅವಳ ಕಿವಿ ಬಿಸಿಯಾಯಿತು. ಕಾಲ ಬೆರಳಿನಿಂದ ಮಣ್ಣು ಕೆದರಿದಳು. ಈಗ ಏನೋ ಹೇಳುತ್ತಾನೆ, ಹೇಳಿದರೆ ಏನೆನ್ನಲಿ ಎಂದು ಒಳಗೊಳಗೆ ಮಾತು ಜೋಡಿಸಿದಳು.

"ನಿಮ್ಮ ಕಣ್ಣು ಹಳದಿ ಆಗ್ಯಾವ್ರಿ," ಎಂದ.

ಆಗ ಅವಳೂ ಅವನನ್ನು ನೋಡಿದಳು. ಅವನ ಕಣ್ಣೂ ಹಳದಿ, ಅರಿಸಿಣ ತೊಳೆದ ನೀರಿನಂತೆ.

ವಾರದೊಳಗೆ ಅಮರಪ್ಪ ಬಲೆಯ ಮೇಲೆಯೇ ಬಿದ್ದನಂತೆ. ಮಗಳು ಅದೇ ದವಾಖಾನೆಗೆ ತಂದಳು. ಅವರು ಇದು ಸೆರೆ ಕುಡಿದು ಆದ ಕಾಮಣಿ, ಕಾಮಾಲೆ ರೋಗ, ಎಂದು ಹೇಳಿ ಸರಕಾರಿ ದವಾಖಾನೆಗೆ ಸಾಗಹಾಕಿದರು. ಶಿವಬಸಮ್ಮನಿಗೆ ಇದು ತಿಳಿದದ್ದು ಉಮಾಶ್ರೀ ಮಾಡಿದ ಫೋನಿನಿಂದ. ಹತ್ತಿಕುಣಿಯ ಲಾಲಮ್ಮ ಕಾಮಣಿಯಿಂದಲೇ ತೀರಿಕೊಂಡಿದ್ದಳು, ಅವಳ ಮಗ ಮೇಲಿನವರಿಗೆ ಅರ್ಜಿ ಕೊಟ್ಟಿದ್ದ, ಕಲಬುರಗಿಯಿಂದ ವಿಚಾರಣೆಗೆ ಬರುತ್ತಾರೆ, ನಿಮ್ಮನ್ನೂ ಕರೆದಿದ್ದಾರೆ, ಮನೆಯವರನ್ನು ಕರೆದುಕೊಂಡು ಬನ್ನಿ ಎಂದಳು.

ಶಾಂತಪ್ಪ ಅಂಗಡಿ ಮುಚ್ಚಿ ಜೊತೆಗೆ ಬಂದ. ತಂಗಿಯ ಕಣ್ಣು ಹಳದಿಯಾದದ್ದನ್ನು ಅವನು ಆ ಫೋನು ಬಂದ ಮೇಲೆಯೇ ನೋಡಿದ್ದು.

ವಿಚಾರಣೆಗೆ ಬಂದ ಡಾಕ್ಟರಮ್ಮ ರೇಣುಕಾದೇವಿ ನರೆಗೂದಲಿನವರು, ಮೆಲ್ಲಗೆ ಮಾತಾಡುವವರು. ಸುನೀಲಕುಮಾರ ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಲಾಲಮ್ಮನಿಗೆ ವಯಸ್ಸಾಗಿತ್ತು. ಅಮರಪ್ಪ ಕುಡುಕ, ಬೇಕಾದರೆ ಅವನ ಬಾಯಿಂದಲೇ ಕೇಳಿ, ದಿನಾ ಕುಡಿಯುತ್ತೇನೆ ಎಂದು ಅವನೇ ಒಪ್ಪಿದ್ದಾನೆ. ಇನ್ನು ಈ ಶಿವಬಸಮ್ಮ. ಇವರಿಗೆ ಕೊಟ್ಟದ್ದು ಖಾಲಿ ಗುಳಿಗೆ. ಖಾಲಿ ಗುಳಿಗೆ ತಿಂದವರಿಗೂ ಕಾಮಣಿ ಬಂದಿದೆ ಎಂದ ಮೇಲೆ ತಪ್ಪು ಔಷಧದ್ದಲ್ಲ, ಊರ ನೀರಿನದು. ಇವರೇ ಅದಕ್ಕೆ ರುಜುವಾತು.

ರೇಣುಕಾದೇವಿ ತಲೆಯಾಡಿಸಿದರು. ಮಾತು ಸರಿಯಾಗಿಯೇ ಇತ್ತು.

ಅಮರಪ್ಪ ಒಪ್ಪಿದ್ದಾನೆ ಎಂಬ ಮಾತಿನಲ್ಲೇ ಶಿವಬಸಮ್ಮ ನಿಂತುಬಿಟ್ಟಿದ್ದಳು. ಅಷ್ಟು ದಿನ ಪಕ್ಕದಲ್ಲಿ ಕುಳಿತಿದ್ದಳು. ನಿಂಬೆ, ಕೆರೆ, ಬೀಡಿಯ ಹೊಗೆ, ಈ ಮೂರು ಬಿಟ್ಟು ಅವನ ಬಳಿ ಬೇರೆ ವಾಸನೆ ಎಂದೂ ಇರಲಿಲ್ಲ. ಕುಡಿಯದವನು ಕುಡಿಯುತ್ತೇನೆ ಎಂದದ್ದು ಯಾಕೆಂದು ಅವಳಿಗೆ ಹೊಳೆಯಿತು. ಕುಡುಕ ಎಂದು ಬಿಟ್ಟರೆ ಮತ್ತೆ ಯಾರೂ ಏನೂ ಕೇಳುವುದಿಲ್ಲ. ಕೇಳಿದರೆ ಬೇವಿನ ಮರ, ಸೆರಗು, ಮುಷ್ಟಿಗೆ ಮುಷ್ಟಿ ಎಲ್ಲ ಹೊರಬರುತ್ತದೆ. ಮೀನು ಹಿಡಿಯುವ ಕಬ್ಬಲಿಗರ ಗಂಡಸಿನೊಂದಿಗೆ ಶಾಂತಪ್ಪನ ವಿಧವೆ ತಂಗಿ.

ಅವಳು ಸುಮ್ಮನಿದ್ದರೆ ಸಂಜೆಯ ಬಸ್ಸಿಗೆ ಅಣ್ಣನ ಜೊತೆ ಮನೆ, ಒಲೆ, ಹಬ್ಬದ ಸೀರೆ. ಬಾಗಿಲಾಚೆ ಬೆಂಚಿನ ಮೇಲೆ ಹೊಸ ಹೆಂಗಸೊಬ್ಬಳು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತದ್ದು ಕಾಣುತ್ತಿತ್ತು.

"ಮೇಡಮ್ಮಾರ, ನಾ ಖಾಲಿ ಗುಳಿಗಿ ತಿಂದಿಲ್ರಿ," ಎಂದಳು. "ಅಮರಪ್ಪನೋರ ಗುಳಿಗಿ ತಿಂದೀನಿ. ಇಬ್ಬರ ಡಬ್ಬೀನೂ ನನ್ನ ಸೆರಗಿನ್ಯಾಗ ಸುರುವಿ, ಕಲಿಸಿ, ಪಾಲು ಮಾಡಿಕೋತಿದ್ವಿ. ಕಾರ ಹುಣ್ಣಿವಿಯಿಂದ ಹಿಂಗ ನಡದದ. ಅವರು ಕುಡಿಯಂಗಿಲ್ರಿ. ನನ್ನ ಸಲುವಾಗಿ ಸುಳ್ಳು ಹೇಳ್ಯಾರ."

ಮೀನು ಹಿಡಿಯುವವನ ಗುಳಿಗೆ ನಿಮಗೆ ಯಾಕೆ ಕೊಟ್ಟ ಎಂದು ಸುನೀಲಕುಮಾರ ನಗಲು ನೋಡಿದರು. ಅಣ್ಣನ ಕಡೆ ನೋಡದೆ ಅವಳು ಹೇಳಿದಳು, "ನಾ ಗ್ವಾಡಿ ಹಿಡಿದು ಮೆಟ್ಟಲ ಏರೂದು ಅವರಿಗಿ ನೋಡಾಕ ಆಗತಿರಲಿಲ್ರಿ. ನನಗೂ ಅವರ ಕೂಡ ಹಂಚಿಕೊಂಡು ತಿನ್ನೂದು ಬೇಕಾಗಿತ್ತು."

ಆ ಮೇಲೆ ಉಮಾಶ್ರೀಯೂ ಬಾಯಿ ಬಿಟ್ಟಳು. ಕಣ್ಣು ಹಳದಿಯಾದವರನ್ನು ಇನ್ನು ಬರಬೇಡಿ ಎಂದು ಕಳಿಸಲು ಸಾಹೇಬರೇ ಹೇಳಿದ್ದರು, ಅವರ ರಕ್ತದ ಲೆಕ್ಕ ಮೇಲೆ ಕಳಿಸಲಿಲ್ಲ ಎಂದು ಅತ್ತಳು. ರೇಣುಕಾದೇವಿ ಎದ್ದು ಹೊರಗೆ ಹೋಗಿ, ಬೆಂಚಿನ ಮೇಲಿನ ಹೆಂಗಸಿನ ಮಡಿಲಿನಿಂದ ಆ ಡಬ್ಬಿಯನ್ನು ತಾವೇ ತೆಗೆದುಕೊಂಡರು. ಅಂದೇ ಗುಳಿಗೆ ನಿಂತಿತು. ಮಾಳಿಗೆಯ ಖೋಲಿಗೆ ಬೀಗ ಬಿತ್ತು. ಸುನೀಲಕುಮಾರನ ಗತಿ ಏನಾಗುತ್ತದೆಂದು ಅಂದು ಯಾರಿಗೂ ಗೊತ್ತಿರಲಿಲ್ಲ.

ಶಾಂತಪ್ಪ ಗೇಟಿನ ಹೊರಗೆ ಬಹಳ ಹೊತ್ತು ನಿಂತಿದ್ದ. ಬೈಯಲಿಲ್ಲ. ಟೊಪ್ಪಿಗೆ ತೆಗೆದು ಝಾಡಿಸಿ ಮತ್ತೆ ಇಟ್ಟುಕೊಂಡ.

"ಮನಿಗಿ ಬರಬ್ಯಾಡ ಅಂತ ನಾ ಅನ್ನಂಗಿಲ್ಲ, ತಂಗಿ. ಆದ್ರ ಮಂದಿ ಕೇಳಿದ್ರ ಏನ ಹೇಳ್ಲಿ?"

"ಖರೇದ್ದು ಹೇಳಣ್ಣಾ."

ಅದನ್ನು ಹೇಳುವ ಶಕ್ತಿ ತನ್ನಲ್ಲಿಲ್ಲ ಎಂಬಂತೆ ಅವನು ನೆಲ ನೋಡಿದ. ಆಮೇಲೆ ಬಸ್‌ಸ್ಟ್ಯಾಂಡಿನ ಕಡೆ ಒಬ್ಬನೇ ನಡೆದ. ಅವಳು ಚಪ್ಪಲಿ ಸರಿಮಾಡಿಕೊಳ್ಳಲಿಲ್ಲ. ಸರಕಾರಿ ದವಾಖಾನೆಯ ದಾರಿ ಕೇಳಿಕೊಂಡು ಆಟೋ ಹತ್ತಿದಳು.

ಅಮರಪ್ಪ ಗಂಡಸರ ವಾರ್ಡಿನ ಕಡೆಯ ಮಂಚದಲ್ಲಿದ್ದ. ಸೊರಗಿ ಅರ್ಧವಾಗಿದ್ದ. ಲಿವರ್ ಚೇತರಿಸಿದರೂ ಚೇತರಿಸೀತು, ಇಲ್ಲದಿದ್ದರೂ ಇಲ್ಲ, ನೋಡೋಣ ಎಂದಿದ್ದರಂತೆ ಅಲ್ಲಿಯ ಡಾಕ್ಟರು. ಸುದ್ದಿ ಅವಳಿಗಿಂತ ಮೊದಲೇ ಬಂದು ಮುಟ್ಟಿತ್ತು. ಅವಳನ್ನು ಕಂಡು ಮುಖವನ್ನು ಗೋಡೆಯ ಕಡೆ ತಿರುವಿದ.

"ಕುಡುಕ ಅನಿಸ್ಕೊಳ್ಳೂದು ನನಗ ಹಗರಿತ್ರಿ. ನಿಮ್ಮ ಹೆಸರು ಉಳೀಲಿ ಅಂತ ಮಾಡಿದ್ದೆ. ನೀವ ಕೆಡಸಿದ್ರಿ."

"ನನ್ನ ಹೆಸರು ಯಾರ ಬಾಯಾಗಿತ್ರಿ?" ಎಂದಳು. "ಆ ಮನ್ಯಾಗ ತಂಗಿ ಅಂತಾರ, ಅತ್ತಿ ಅಂತಾರ, ಖಾನಾವಳ್ಯಾಗ ರೊಟ್ಟಿಯಮ್ಮ ಅಂತಾರ. ಹೆಸರ ಹಿಡದು ಕರದವರು ನೀವೊಬ್ಬರ."

ಅವನು ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡ. ಆಮೇಲೆ ಗೋಡೆಯ ಕಡೆಗೇ ಕೇಳಿದ, "ಅಣ್ಣಾರು?"

"ಹೋದ."

"ನೀವು ಹೋಗಲಿಲ್ಲೇನ್ರಿ, ಶಿವಬಸಮ್ಮೋರ?"

ಅವಳು ಕೂರಲು ಜಾಗ ಹುಡುಕಿದಳು. ಸ್ಟೂಲು ಇರಲಿಲ್ಲ. ಪಕ್ಕದ ಮಂಚದವನ ನೆಂಟರು ನೆಲದ ತುಂಬ ಹಾಸಿಕೊಂಡು ಕುಳಿತು ಇವಳನ್ನೇ ನೋಡುತ್ತಿದ್ದರು, ಈಕೆ ಇವನಿಗೆ ಏನಾಗಬೇಕು ಎಂದು. ಅಮರಪ್ಪ ಈ ಕಡೆ ಹೊರಳಿದ. ಗುಳಿಗೆ ನಿಂತ ಮೇಲೆ ಅವನ ಮೊಣಕಾಲು ಮತ್ತೆ ಬಿಗಿದುಕೊಂಡಿದ್ದವು. ತುಟಿ ಕಚ್ಚಿ ಒಂದೊಂದೇ ಕಾಲನ್ನು ಎಳೆದುಕೊಂಡು ಮಂಚದ ಅಂಚಿನಲ್ಲಿ ಜಾಗ ಮಾಡಿದ.

ಅವಳ ಕಾಲೂ ಹಿಡಿದಿತ್ತು. ಕಂಬಿ ಹಿಡಿದು ಅವಳು ಕೂರುವಾಗ ಇಬ್ಬರ ಬಾಯಿಂದಲೂ ಒಮ್ಮೆಲೇ ನೋವಿನ ದನಿ ಹೊರಟಿತು. ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವನು ಅವನು.