ಕೊಟ್ಟಿಗೆ ಪರೀಕ್ಷೆ

ಹೆಂಗಸರ ಪಾಳಿಯಲ್ಲಿ ಗಂಡಸು ಅವನೊಬ್ಬನೇ. ಅದೂ ಆರಡಿ ಎತ್ತರ. ಕೈಯಲ್ಲಿ ಸ್ಟೀಲ್ ಕ್ಯಾನು, ಹಣೆಯ ಮೇಲೆ ಆಗಷ್ಟೇ ಹಚ್ಚಿದ ವಿಭೂತಿ, ಅಂಗಿಯ ತೋಳಿಗೆ ದಿನಾ ತಪ್ಪದೆ ಅಂಟಿರುವ ಒಂದು ಹುಲ್ಲಿನ ಎಳೆ. ಆ ಎಳೆಯನ್ನು ತೆಗೆದುಹಾಕಲು ನನ್ನ ಬೆರಳುಗಳು ಇಪ್ಪತ್ತು ದಿನಗಳಿಂದ ಒದ್ದಾಡುತ್ತಿದ್ದವು. ಮಹಿಳಾ ಹಾಲು ಸಂಘದ ಸೆಕ್ರೆಟರಿಯಾದವಳಿಗೆ ಇದು ಶೋಭಿಸುವ ಮಾತಲ್ಲ. ಆದರೂ ಹೇಳುತ್ತಿದ್ದೇನೆ, ಯಾಕೆಂದರೆ ಆ ಸೆಕ್ರೆಟರಿ ನಾನೇ.

ನನ್ನ ಹೆಸರು ಶೈಲಶ್ರೀ. ನಮ್ಮೂರು ಶಲವಡಿಯಿಂದ ನಾಲ್ಕು ಕಿಲೋಮೀಟರ್ ಆಚೆ, ಎರೆಹೊಲಗಳ ನಡುವೆ. ದಿನಾ ಬೆಳಿಗ್ಗೆ ಹಾಲು ಅಳೆದು ಗುಣಮಟ್ಟ ನೋಡುವ ಯಂತ್ರಕ್ಕೆ ಹಿಡಿಯುತ್ತೇನೆ. ಕೊನೆಗೆ ಮೈಕಿನಲ್ಲಿ ಐದು ನಿಮಿಷ ಹೈನದ ಸುದ್ದಿ ಓದುತ್ತೇನೆ. ಕಾಲುಬಾಯಿ ಜ್ವರದ ಲಸಿಕೆ ಯಾವಾಗ, ಮೇವಿನ ಬೀಜ ಎಲ್ಲಿ ಸಿಗುತ್ತದೆ, ತರಬೇತಿಗೆ ಹೆಸರು ಕೊಡುವುದು ಯಾರ ಹತ್ತಿರ, ಎಲ್ಲವೂ ಅದರಲ್ಲಿ ಬರುತ್ತದೆ. ಊರಿನಲ್ಲಿ ನನ್ನ ಮುಖಕ್ಕಿಂತ ಧ್ವನಿಗೇ ಹೆಚ್ಚು ಗುರುತು.

ಅವನು ಈರೇಶ. ನವಲಗುಂದದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಸಂಘದ ಸದಸ್ಯೆ ಅವನ ತಾಯಿ ರೇವವ್ವ. ಆಕೆಗೆ ಮೊಣಕಾಲು ನೋವು ಹೆಚ್ಚಾದ ಮೇಲೆ ಹಾಲು ತರುವ ಕೆಲಸ ಮಗನ ಪಾಲಿಗೆ ಬಂದಿತ್ತು.

"ಮೇಡಂ, ನಿಮ್ಮ ಸುದ್ದಿ ಕೇಳಿ ಮೇವಿನ ಜ್ವಾಳದ ಬೀಜಾ ತಂದೇನ್ರಿ," ಎಂದ ಒಂದು ದಿನ.

"ಹಾಕೀರೇನು?"

"ಇನ್ನೂ ಇಲ್ರಿ. ಹೆಂಗ ಹಾಕಬೇಕಂತ ನೀವ್ ಹೇಳಲಿಲ್ಲಲ್ಲ?"

"ನೆಲದಾಗ ಹಾಕಬೇಕ್ರಿ."

ಪಾಳಿಯಲ್ಲಿದ್ದ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಅವನೂ ನಕ್ಕ. ಅವನು ನಕ್ಕಾಗ ಎಡಗಣ್ಣು ಬಲಗಣ್ಣಿಗಿಂತ ಒಂದು ಕ್ಷಣ ಮೊದಲು ಕಿರಿದಾಗುತ್ತಿತ್ತು. ಇಂಥದ್ದನ್ನೆಲ್ಲ ಗಮನಿಸುವವಳ ಕೈಯಲ್ಲಿ ಸಂಘ ಕೊಟ್ಟರೆ ಏನಾಗಬೇಕೋ ಅದೇ ಆಯಿತು.

ಅವತ್ತು ಸಂಜೆ ಅಧ್ಯಕ್ಷೆ ಮೈಲಾರವ್ವ ನನ್ನನ್ನು ಪಕ್ಕಕ್ಕೆ ಕರೆದಳು. "ಶೈಲಾ, ಆ ಹುಡುಗನ ಕ್ಯಾನ್ ಬಂತಂದ್ರ ನಿನ್ನ ಮೂವತ್ತೆರಡೂ ಹಲ್ಲ ಕಾಣತಾವು. ಮಂದಿ ಮಾತಾಡಾಕತ್ತಾರ. ಖುರ್ಚಿ ಮ್ಯಾಲ ಕುಂತಾಕಿ ಹುಷಾರಿರಬೇಕ."

ನನಗೆ ಸಿಟ್ಟು ಮೊದಲೇ ಮೂಗಿನ ತುದಿಯ ಮೇಲೆ. ಕಳ್ಳಿ ಸಿಕ್ಕಿಬಿದ್ದಂತೆ ಮೈಯೆಲ್ಲ ಬಿಸಿಯಾಯಿತು. ನಾನು ಯಾರ ಮುಲಾಜಿಗೂ ಬಿದ್ದವಳಲ್ಲ ಎಂದು ಊರಿಗೆಲ್ಲ ತೋರಿಸಬೇಕು ಎಂದು ರಾತ್ರಿಯಿಡೀ ಹಲ್ಲು ಕಡಿದೆ. ಆ ಅವಕಾಶ ಮರುದಿನವೇ ಬಂದುಬಿಟ್ಟಿತು.

ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿಯುವ ಗಟ್ಟಿ ಅಂಶಕ್ಕೆ ಎಸ್‌ಎನ್‌ಎಫ್ ಅನ್ನುತ್ತಾರೆ. ಆಕಳ ಹಾಲಿನಲ್ಲಿ ಅದು ಎಂಟೂವರೆ ಬರಬೇಕು. ಈರೇಶನ ಹಾಲಿಗೆ ಏಳು ಪಾಯಿಂಟ್ ಎಂಟು ಬಂತು. ಅದರ ಕೆಳಗೇ ಯಂತ್ರ ತೋರಿಸಿತು: ನೀರು, ಶೇಕಡಾ ಏಳು.

ಅವನನ್ನು ಪಕ್ಕಕ್ಕೆ ಕರೆದು ಕೇಳಬಹುದಿತ್ತು. ಇನ್ನೊಮ್ಮೆ ಪರೀಕ್ಷೆ ಮಾಡಬಹುದಿತ್ತು. ನಾನು ಮೈಕು ಹಿಡಿದೆ.

"ರೇವವ್ವನ ಮನಿ ಹಾಲಿಗೆ ನೀರ ಬಿದ್ದೈತಿ. ಹಾಲ ವಾಪಸ್ ಮಾಡೇವಿ. ಇಲ್ಲೆ ಯಾರ ಮುಲಾಜೂ ನಡಿಯೂದಿಲ್ಲ."

ನನ್ನ ಧ್ವನಿ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಮರಳಿ ನನ್ನ ಕಿವಿಗೇ ಬಿತ್ತು. ಈರೇಶ ಬೈಯಲಿಲ್ಲ, ಜಗಳ ಮಾಡಲಿಲ್ಲ. ಕ್ಯಾನಿನ ಮುಚ್ಚಳ ಒತ್ತಿ ಹಾಕಿ ನನ್ನನ್ನು ನೋಡಿದ.

"ನಮ್ಮವ್ವನ ಹೆಸರ ತಗೊಂಡ್ರಿ," ಎಂದ. "ಹಾಲ ತಂದಾಂವ ನಾ ಇದ್ದೆ. ನನ್ನ ಹೆಸರ ತಗೋಬೇಕಿತ್ತು."

ಅಷ್ಟೇ ಹೇಳಿ ಹೋಗಿಬಿಟ್ಟ.

ಎಂಟು ದಿನ ಅವರ ಮನೆಯಿಂದ ಹಾಲು ಬರಲಿಲ್ಲ. ರೇವವ್ವ ಸೋಮವಾರ ಮಠಕ್ಕೂ ಬರಲಿಲ್ಲ ಎಂದು ಯಾರೋ ಹೇಳಿದರು. ನಾನು ಸರಿಯಾದದ್ದನ್ನೇ ಮಾಡಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಊಟ ಮಾತ್ರ ಸೇರುತ್ತಿರಲಿಲ್ಲ. ಪಾಳಿಯಲ್ಲಿ ಎತ್ತರದ ತಲೆ ಕಾಣದ ಬೆಳಗು ಎಷ್ಟು ಬೋಳು ಬೋಳಾಗಿರುತ್ತದೆ ಎಂದು ಆಗ ಗೊತ್ತಾಯಿತು.

ಒಂಬತ್ತನೇ ದಿನ ಧಾರವಾಡದಲ್ಲಿ ಸೆಕ್ರೆಟರಿಗಳಿಗೆ ತರಬೇತಿ ಇತ್ತು. ಮಧ್ಯಾಹ್ನ ಊಟದ ನಂತರ ಎಲ್ಲರೂ ತೂಕಡಿಸುವ ಹೊತ್ತಿನಲ್ಲಿ ಪಶುವೈದ್ಯೆ ಡಾಕ್ಟರ್ ಮೇಡಂ ನಮ್ಮದೇ ಥರದ ಒಂದು ಯಂತ್ರ ತಂದಿಟ್ಟರು.

"ಈ ಯಂತ್ರ ನೀರನ್ನ ನೋಡೂದಿಲ್ರಿ. ಎಸ್‌ಎನ್‌ಎಫ್ ಕಡಿಮಿ ಬಂದ್ರ ನೀರ ಇರಬೇಕಂತ ಲೆಕ್ಕಾ ಹಾಕತೈತಿ, ಅಷ್ಟ. ಬರೇ ಒಣಾ ಕಣಿಕಿ ತಿಂದು, ಬಿಸಲಾಗ ನಿಂತು, ಖನಿಜ ಮಿಶ್ರಣ ಸಿಗದ ಆಕಳ ಹಾಲಿಗೂ ಹಿಂಗ ತೋರಸತೈತಿ. ಅನುಮಾನ ಬಂದ್ರ ಮನಿಗೆ ಹೋಗಿ ಕೊಟ್ಟಿಗಿ ಪರೀಕ್ಷಾ ಮಾಡ್ರಿ. ನಿಮ್ಮ ಕಣ್ಣ ಮುಂದ ಹಿಂಡಿದ ಹಾಲ ಹಿಡದ ನೋಡ್ರಿ. ಅಲ್ಲಿತನಕ ಯಾರಿಗೂ ಕಳ್ಳ ಅನಬ್ಯಾಡ್ರಿ."

ನನ್ನ ತೂಕಡಿಕೆ ಹಾರಿಹೋಯಿತು. ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು.

ಮರಳಿ ಬರುವಾಗ ಬಸ್ಸು ಅಣ್ಣಿಗೇರಿ ದಾಟುವವರೆಗೂ ಒಂದೇ ಯೋಚನೆ. ಕಣ್ಣೆದುರು ಹಿಂಡಿದ ಹಾಲಿಗೆ ಎಂಟೂವರೆ ಬಂದರೆ ಈರೇಶ ಅವತ್ತು ನೀರು ಹಾಕಿದ್ದು ನಿಜ, ನನ್ನ ಖುರ್ಚಿ ಗಟ್ಟಿ. ಕಡಿಮೆ ಬಂದರೆ ಅವನು ಪ್ರಾಮಾಣಿಕ, ಒಂದು ಮನೆತನದ ಮಾನ ಕಳೆದವಳು ನಾನು. ಕಡಿಮೆ ಬರಲಿ ದೇವರೇ ಎಂದು ಬೇಡಿಕೊಂಡೆ. ತನ್ನ ತಪ್ಪೇ ಸಾಬೀತಾಗಲಿ ಎಂದು ಬೇಡಿದ ಸೆಕ್ರೆಟರಿ ಇಡೀ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಬಸ್ಸಿಳಿದವಳು ಸೀದಾ ಮೈಲಾರವ್ವನ ಮನೆಗೆ ಹೋದೆ.

"ಹುಚ್ಚು ಹಿಡದೈತೇನ ನಿನಗ?" ಎಂದಳು. "ಊರ ಮರಿಯಾಕತ್ತೈತಿ. ಈಗ ನೀ ತಪ್ಪಂತಾದ್ರ ನಿನ್ನ ತಗದ ಹಾಕ್ರಿ ಅಂತಾರ."

"ಅನ್ಲಿ ಬಿಡ್ರಿ ಅಕ್ಕಾ. ಹೋಗೂಣು ಬರ್ರಿ."

ಅವಳು ನನ್ನ ಮುಖ ನೋಡಿ ಸೆರಗು ಸರಿಮಾಡಿಕೊಂಡು ಎದ್ದಳು. ದಾರಿಯಲ್ಲಿ ಸಾಕ್ಷಿಗೆಂದು ಇನ್ನಿಬ್ಬರು ಸದಸ್ಯೆಯರನ್ನು ಕರೆದುಕೊಂಡೆವು. ಸಂಜೆ ಆರಕ್ಕೆ, ಸರಿಯಾಗಿ ಹಾಲು ಹಿಂಡುವ ಹೊತ್ತಿಗೆ, ರೇವವ್ವನ ಅಂಗಳದಲ್ಲಿ ನಿಂತಿದ್ದೆವು.

ರೇವವ್ವ ಕಟ್ಟೆಯಿಂದ ಏಳಲಿಲ್ಲ. ಈರೇಶ ಕೊಟ್ಟಿಗೆಯ ಬಾಗಿಲಲ್ಲಿದ್ದ. ಎಂಟೊಂಬತ್ತು ದಿನದಲ್ಲಿ ಗಡ್ಡ ಬಂದಿತ್ತು. ಇಂಥ ಹೊತ್ತಿನಲ್ಲೂ ಅದು ಅವನಿಗೆ ಒಪ್ಪುತ್ತದೆ ಎಂದು ನನಗೆ ಅನ್ನಿಸಿದ್ದಕ್ಕೆ ನನ್ನನ್ನೇ ಬೈದುಕೊಂಡೆ.

"ಕೊಟ್ಟಿಗಿ ಪರೀಕ್ಷಾ ಮಾಡಾಕ ಬಂದೇವ್ರಿ," ಎಂದೆ.

"ಮಾಡ್ರಿ. ಪಾತ್ರಿ ನೀವ ತೊಳೀರಿ, ನೀವ ಒರಸ್ರಿ. ಇಲ್ಲಂದ್ರ ತಳದಾಗ ನೀರಿತ್ತಂತೀರಿ."

ತೊಳೆದೆ. ನನ್ನ ದುಪ್ಪಟ್ಟಾದಿಂದಲೇ ಒಣಗುವಂತೆ ಒರೆಸಿದೆ.

"ಇನ್ನ ನೀವ ಹಿಂಡ್ರಿ."

ಹಾಲು ಹಿಂಡುವುದು ನನಗೇನು ಹೊಸದಲ್ಲ. ಆದರೆ ಅವರ ಕಪ್ಪುಬಿಳಿ ಆಕಳಿಗೆ ನಾನು ಹೊಸಬಳು. ಕೆಚ್ಚಲಿಗೆ ಕೈ ಹಾಕಿದ್ದೇ ತಡ, ಒದೆಯಿತು. ಈರೇಶ ಅದರ ತಲೆಯ ಹತ್ತಿರ ನಿಂತು ಕೊರಳ ಕೆಳಗಿನ ಗಂಗೆದೊಗಲು ತುರಿಸತೊಡಗಿದ. ಆಕಳು ಒದೆಯುವುದನ್ನು ಬಿಟ್ಟಿತು, ಹಾಲನ್ನು ಮಾತ್ರ ಇಳಿಸಲಿಲ್ಲ. ಅದರ ಬೆನ್ನಿನ ಮೇಲಿಂದ ನಾವು ಒಬ್ಬರನ್ನೊಬ್ಬರು ನೋಡುವುದು, ಕಣ್ಣು ತಪ್ಪಿಸುವುದು, ಮತ್ತೆ ನೋಡುವುದು ನಡೆದೇ ಇತ್ತು.

"ಹೆಸರ ಹಿಡದ ಕರಿಯೋ," ಎಂದು ರೇವವ್ವ ಕಟ್ಟೆಯಿಂದಲೇ ಕೂಗಿದಳು. "ಕರದ್ರನ ಅದು ಸೊರಾ ಬಿಡೂದು."

ಈರೇಶ ಛಾವಣಿಯ ತಗಡು ನೋಡಿದ.

"ದಿನಾ ಹತ್ತ ಸಲಾ ಕರೀತಿ. ಇವತ್ತ ಬಾಯಿ ಬಿದ್ದೈತೇನ ನಿಂದು?"

ಅವನು ಹಣೆ ಒರೆಸಿಕೊಂಡ. ಆಕಳ ಕಿವಿಯ ಹತ್ತಿರ ಬಗ್ಗಿ, ಯಾರಿಗೂ ಕೇಳಿಸಬಾರದೆಂಬಂತೆ ಮೆಲ್ಲಗೆ ಕರೆದ. "ಶೈಲಾ..."

"ಏನ್ರಿ?" ಎಂದೆ ನಾನು.

ಆಕಳು ಸೊರ ಬಿಟ್ಟಿತು.

ಪಾತ್ರೆಗೆ ಚರ್ ಎಂದು ಹಾಲು ಬಿದ್ದ ಸದ್ದಿನ ಹಿಂದೆಯೇ ಮೈಲಾರವ್ವನ ನಗೆ ಸಿಡಿಯಿತು. ಉಳಿದಿಬ್ಬರು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಕ್ಕರು. ನನ್ನ ಕಿವಿ ಕಾದ ಹಂಚಾಗಿತ್ತು. ಕೈ ಮಾತ್ರ ನಿಲ್ಲಲಿಲ್ಲ, ಹಿಂಡುತ್ತಲೇ ಇದ್ದೆ.

"ಆಕಳಿಗೆ ನನ್ನ ಹೆಸರ ಇಟ್ಟೀರೇನು?" ಎಂದೆ, ತಲೆ ಎತ್ತದೆ.

"ಗುಡಗೇರಿ ಕಡಿಂದ ತಂದ ದಿನಾನ ನನಗ ಒದೀತ್ರಿ," ಎಂದ. "ಸಿಟ್ಟ ನೋಡಿ ನಿಮ್ಮ ನೆನಪಾತು."

"ನಾ ನಿಮ್ಮವ್ವನ ಹೆಸರ ಕೆಡಿಸಿದ ಮ್ಯಾಲ ಬದಲಿ ಮಾಡಬೇಕಿತ್ತು."

ಅವನು ಆಕಳ ಕೊರಳು ಸವರಿದ. "ಮಾಡಿ ನೋಡಿದೆ. ಬ್ಯಾರೆ ಹೆಸರ ಕರದ್ರ ಅದು ಹೊಳ್ಳಿ ನೋಡಲಿಲ್ಲ. ನನಗೂ ಕರಿಯಾಕ ಆಗಲಿಲ್ಲ."

ಪಾತ್ರೆ ನನಗೆ ಮಸುಕಾಗಿ ಕಾಣತೊಡಗಿತು. ಕಣ್ಣೀರು ಹಾಲಿಗೆ ಬಿದ್ದರೆ ಪರೀಕ್ಷೆ ಕೆಟ್ಟೀತೆಂದು ಮುಖ ಪಕ್ಕಕ್ಕೆ ತಿರುಗಿಸಿಕೊಂಡೆ.

ಹಾಲನ್ನು ಕ್ಯಾನಿಗೆ ಸುರಿದು, ಬಾಯಿಗೆ ಬಟ್ಟೆ ಕಟ್ಟಿ, ಮೈಲಾರವ್ವ ತಾನೇ ಸೊಂಟದ ಮೇಲೆ ಹೊತ್ತಳು. ಓಣಿಯಲ್ಲಿ ಒಬ್ಬೊಬ್ಬರಾಗಿ ಹೆಂಗಸರು ಕೂಡಿಕೊಂಡರು. ಸಂಘದ ಬಾಗಿಲಿಗೆ ಬರುವಷ್ಟರಲ್ಲಿ ಹಿಂದೆ ಮೂವತ್ತು ಜನ. ಎಲ್ಲರ ಹಿಂದೆ ಈರೇಶ.

ಯಂತ್ರಕ್ಕೆ ಹಾಲು ಹಿಡಿದೆ. ಅದು ಗುಂಯ್‌ಗುಟ್ಟಿತು. ಅಷ್ಟು ನಿಧಾನ ಅದು ಎಂದೂ ಇರಲಿಲ್ಲ.

ಎಸ್‌ಎನ್‌ಎಫ್ ಏಳು ಪಾಯಿಂಟ್ ಏಳು. ನೀರು, ಶೇಕಡಾ ಎಂಟು.

ನಾನೇ ತೊಳೆದು ಒರೆಸಿದ ಪಾತ್ರೆ. ನಾನೇ ಹಿಂಡಿದ ಹಾಲು. ಒಂದು ಹನಿ ನೀರು ಬಿದ್ದಿರಲಿಲ್ಲ.

ನನ್ನ ಎದೆ ಹಾರಿ ಕುಣಿಯಿತು. ಅದರ ಬೆನ್ನಿಗೇ ರೇವವ್ವ ಕಟ್ಟೆಯ ಮೇಲೆ ಒಬ್ಬಳೇ ಕೂತದ್ದು ನೆನಪಾಯಿತು.

"ಯಂತ್ರ ಕೆಟ್ಟಿತ್ತಂತ ಹೇಳಿ ಮುಗಸು," ಎಂದು ಮೈಲಾರವ್ವ ಪಿಸುಗುಟ್ಟಿದಳು. "ಖುರ್ಚಿ ಉಳೀತೈತಿ."

"ಯಂತ್ರ ಕೆಟ್ಟಿಲ್ರಿ ಅಕ್ಕಾ. ಕೆಟ್ಟಾಕಿ ನಾ."

ಮೈಕು ಹಚ್ಚಿದೆ.

"ಹೈನದ ಸುದ್ದಿ. ರೇವವ್ವನ ಮನಿ ಹಾಲಿಗೆ ಯಾರೂ ನೀರ ಹಾಕಿಲ್ಲ. ಒಂಬತ್ತ ದಿನದ ಹಿಂದ ನಾ ಹೇಳಿದ್ದ ಸುಳ್ಳ. ತಪ್ಪ ಯಂತ್ರದ್ದಲ್ಲ, ನಂದು. ಕೇಳದ, ನೋಡದ, ಮಂದಿ ಮುಂದ ಮಾನಾ ಕಳದೆ. ಯವ್ವಾ, ನಿಮ್ಮ ಕಾಲಿಗೆ ಬೀಳತೇನಿ. ಸೋಮವಾರ ಸಭಿ ಕರೀರಿ, ನನ್ನ ತಗದ ಹಾಕೂದಿದ್ರ ತಗದ ಹಾಕ್ರಿ. ಇನ್ನೊಂದ ಮಾತು. ಯಾರ ಹಾಲಿಗೆ ಹಿಂಗ ಬಂದ್ರೂ ಅಂಜಬ್ಯಾಡ್ರಿ. ಆಕಳಿಗೆ ಹಸಿ ಮೇವು ಹಾಕ್ರಿ, ಖನಿಜ ಮಿಶ್ರಣ ಕೊಡ್ರಿ, ನೆರಳಾಗ ಕಟ್ರಿ. ಖುರ್ಚಿ ಇರಲಿ ಬಿಡಲಿ, ಕರದ್ರ ನಿಮ್ಮ ಕೊಟ್ಟಿಗೀಗೆ ನಾ ಬರತೇನಿ."

ಹೊರಗೆ ಗುಜುಗುಜು ಎದ್ದಿತು. ತೆಗೆದುಹಾಕಬೇಕು ಎಂದಿತು ಒಂದು ಧ್ವನಿ. ಇಂಥಾಕಿನ ಇರಬೇಕು ಎಂದಿತು ಇನ್ನೊಂದು. ಮೈಲಾರವ್ವ ಎಲ್ಲರನ್ನೂ ಗದರಿಸಿ ಓಣಿಗೆ ಅಟ್ಟಿದಳು. ತಾನೂ ಹೋದಳು, ಹೋಗುವಾಗ ಬಾಗಿಲನ್ನು ಬೇಕೆಂದೇ ಅರ್ಧ ತೆರೆದಿಟ್ಟಳು.

ಈರೇಶ ಹಾಲು ಕೊಡುವ ಕಿಟಕಿಯ ಆಚೆ ನಿಂತಿದ್ದ.

"ಇಷ್ಟೆಲ್ಲಾ ಹೇಳೂದ ಬೇಕಿದ್ದಿಲ್ಲ," ಎಂದ.

"ಇನ್ನೊಂದ ಐತ್ರಿ. ಅದನ್ನ ಮೈಕಿನ್ಯಾಗ ಹೇಳಾಕ ಬರಲಿಲ್ಲ."

"ಏನದು?"

"ಅವತ್ತ ಯಂತ್ರ ನೋಡಿ ನಾ ಹಂಗ ಅನಲಿಲ್ಲ. ನಿಮ್ಮ ಮ್ಯಾಲ ಮನಸ್ಸಾಗಿತ್ತು. ಮಂದಿಗೆ ತಿಳೀತಂತ ಅಂಜಿ, ಹಂಗೇನಿಲ್ಲಂತ ತೋರಸಾಕ ಅಂದೆ. ಹೇಡಿ ನಾನು."

ಅವನು ಕಿಟಕಿಯ ಸರಳಿಗೆ ಕೈ ಊರಿದ. "ಮನಸ್ಸಾಗಿತ್ತು ಅಂದ್ರ? ಈಗ?"

"ಈಗ ಭಾಳ ಆಗೈತಿ."

ಅವನ ಕಿವಿ ಕೆಂಪಾದದ್ದನ್ನು ಆವತ್ತೇ ಮೊದಲು ನೋಡಿದ್ದು.

"ಸೋಮವಾರ ಸಭಿ ಮುಗೀಲಿ," ಎಂದ. "ಖುರ್ಚಿ ಇದ್ರೂ ಅಷ್ಟ, ಹೋದ್ರೂ ಅಷ್ಟ. ನಮ್ಮವ್ವನ ಕರಕೊಂಡ ಕನ್ಯಾ ಕೇಳಾಕ ಬರತೇನಿ."

"ಸೋಮವಾರದ ಮಟಾ ಯಾಕ?"

"ಮತ್ತ?"

"ನಮ್ಮಪ್ಪ ಈಗ ಮನ್ಯಾಗ ಅದಾನ. ಎಮ್ಮಿ ಹಿಂಡಿ ಕಟ್ಟಿ ಮ್ಯಾಲ ಸುಮ್ನ ಕುಂತಿರತಾನ."

ಅವನು ನನ್ನನ್ನೇ ನೋಡಿದ. ಆಮೇಲೆ ಕ್ಯಾನನ್ನು ಅಲ್ಲೇ ಬಿಟ್ಟು ಓಡಿದ. ಆರಡಿ ಮನುಷ್ಯ, ಊರ ನಡುವಿನ ಓಣಿಯಲ್ಲಿ, ಎಲ್ಲರೂ ನೋಡುತ್ತಿರುವಾಗ. ತಿರುವಿನಲ್ಲಿ ನಿಂತು ಕೂಗಿದ. "ನಮ್ಮವ್ವಗ ನಡಿಯಾಕ ಆಗೂದಿಲ್ಲ, ಬೈಕ್ ಮ್ಯಾಲ ಕರಕೊಂಡ ಬರತೇನಿ! ಹತ್ತ ನಿಮಿಷ!"

ನಾನು ಮನೆ ಮುಟ್ಟಿ, ಮುಖ ತೊಳೆದು, ಅಪ್ಪನಿಗೆ ಏನು ಹೇಳಬೇಕೆಂದು ತಿಳಿಯದೆ ಬಾಗಿಲಲ್ಲಿ ನಿಂತಿದ್ದೆ. ಬೈಕಿನ ಸದ್ದು ಕೇಳಿತು. ಏಳು ನಿಮಿಷವೂ ಆಗಿರಲಿಲ್ಲ.

ಹಿಂದಿನ ಸೀಟಿನಲ್ಲಿ ರೇವವ್ವ. ಪೆಟ್ಟಿಗೆಯಿಂದ ತೆಗೆದ ಇಳಕಲ್ ಸೀರೆ, ನೆರಿಗೆ ಒಂದೂ ತಪ್ಪಿರಲಿಲ್ಲ. ತಲೆ ಬಾಚಿ, ನನಗೆ ಮುಡಿಸಲು ಮೊಳ ಮಲ್ಲಿಗೆಯನ್ನು ಎಲೆಯಲ್ಲಿ ಸುತ್ತಿ ತಂದಿದ್ದಳು. ಮೊಣಕಾಲು ನೋವಿನ ಹೆಂಗಸು ಏಳು ನಿಮಿಷದಲ್ಲಿ ಇಷ್ಟೆಲ್ಲ ಮಾಡಿಕೊಂಡು ಬರಲು ಸಾಧ್ಯವೇ ಇಲ್ಲ. ಮಗ ಬಂದು ಹೇಳುವವರೆಗೆ ಅವಳು ಕಾದಿರಲಿಲ್ಲ. ನಾನಿನ್ನೂ ಮೈಕಿನಲ್ಲಿ ಮಾತಾಡುತ್ತಿದ್ದಾಗಲೇ ಸೀರೆ ಉಡಲು ಎದ್ದಿದ್ದಳು.